ಮರ, ಮೋರಿ ಮತ್ತು ನಾಗರಿಕನ ದೂರು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲೆ ನೆಲೆಸಿದ ಊರು. ಇಲ್ಲಿ ಬಿದ್ದ ಮಳೆನೀರು ವೃಷಭಾವತಿ, ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಮೊದಲಾದ ಕಣಿವೆಗಳನ್ನು ಹಿಡಿದು ಇಳಿದುಹೋಗುವುದು ನಿಸರ್ಗದ ಏರ್ಪಾಡು. ಹಿಂದಿನವರು ಕೆರೆಯಿಂದ ಕೆರೆಗೆ ರಾಜಕಾಲುವೆಗಳನ್ನು ತೆಗೆದು ಅದನ್ನು ಸದುಪಯೋಗಪಡಿಸಿಕೊಂಡರು. ಇಂತಹ ಇಳಿಜಾರಿನ ಊರಿನಲ್ಲಿಯೂ 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ದೊಡ್ಡ ವಿಪತ್ತು ನಾಡಿಗೆಲ್ಲ ತಿಳಿಯುತ್ತದೆ. ಅದಕ್ಕೂ ಮೊದಲು ಬೀದಿಬೀದಿಗಳಿಂದ ಬರುವ ಸಣ್ಣ ದೂರುಗಳ ಗತಿ ಏನಾಗುತ್ತದೆಂಬುದು ಅಭ್ಯಾಸಯೋಗ್ಯವಾದ ವಿಷಯ.

ನಿದರ್ಶನಕ್ಕೆ ಒಂದು ಗುಲ್‌ಮೊಹರ್ ಮರವನ್ನು ತೆಗೆದುಕೊಳ್ಳಬಹುದು. ಮೋರಿಯ ದುರಸ್ತಿಗಾಗಿ ಅಗೆಯುವಾಗ ಒಂದು ಪಕ್ಕದ ಬೇರುಗಳು ಕಡಿದುಹೋಗುತ್ತವೆ. ಉಳಿದ ಪಕ್ಕವನ್ನು ಕಾಲುದಾರಿಯ ಕಾಂಕ್ರೀಟು ಬಿಗಿಯುತ್ತದೆ. ಉದುರಿದ ಎಲೆ ಮೋರಿಯ ಬಾಯಿಯನ್ನು ಮುಚ್ಚುತ್ತದೆ. ಏಪ್ರಿಲ್-ಮೇ ತಿಂಗಳ ಬಿರುಗಾಳಿಗೆ ಮರ ವಾಲಿ, ಕೊಂಬೆಯು ವಿದ್ಯುತ್ ತಂತಿಯನ್ನು ತಾಗುತ್ತದೆ. ಮನೆಯವನಿಗೆ ಇವೆಲ್ಲವೂ ಒಂದೇ ಕಷ್ಟ. ಆಡಳಿತದ ದೃಷ್ಟಿಯಲ್ಲಾದರೋ ಮರ ಅರಣ್ಯ ವಿಭಾಗದ್ದು. ಬೀದಿಯ ಮೋರಿ ವಾರ್ಡಿನ ಇಂಜಿನಿಯರದು. ಅದು ಹೋಗಿ ಸೇರುವ ರಾಜಕಾಲುವೆ ಬೇರೊಂದು ವಿಭಾಗದ್ದು. ಕೊಳಚೆ ನೀರಿನ ಒಳಚರಂಡಿ 1964ರ ಕಾಯಿದೆಯಿಂದ ರಚಿತವಾದ ಜಲಮಂಡಳಿಯದು. ತಂತಿ ಬೆಸ್ಕಾಂ ಸಂಸ್ಥೆಯದು. ಮೋರಿಯ ದೂರನ್ನು ಜಲಮಂಡಳಿಗೆ ಕೊಟ್ಟವನು ‘ಇದು ನಮ್ಮದಲ್ಲ’ ಎಂಬ ಉತ್ತರವನ್ನು ಹೊತ್ತು ಮರಳುತ್ತಾನೆ. ಉತ್ತರವೇನೋ ನ್ಯಾಯವಾದುದೇ, ನೀರು ಮಾತ್ರ ಅಂಗಳದಲ್ಲಿಯೇ ಇರುತ್ತದೆ.

ಮರದ ವಿಷಯದಲ್ಲಿ ಕಾನೂನು ಕಟ್ಟುನಿಟ್ಟಾಗಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ, ತೆಂಗು, ನೀಲಗಿರಿ, ಸಿಲ್ವರ್ ಓಕ್ ಮುಂತಾದ ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ಹಿತ್ತಿಲ ಮರವನ್ನಾದರೂ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಅಧಿಕಾರಿಯು ಸ್ಥಳಪರಿಶೀಲನೆ ಮಾಡಿಯೇ ತೀರ್ಮಾನಿಸಬೇಕು. ಈ ನಿಧಾನವು ಹಲವರಿಗೆ ಬೇಸರ ತರುವುದುಂಟು. ಆದರೆ ಕಸ ಬೀಳುತ್ತದೆಂಬ ಕಾರಣಕ್ಕೆ ಮರ ಬೇಡವೆನ್ನುವವರ ಅರ್ಜಿಗಳೂ ಅದೇ ಕಡತದಲ್ಲಿರುತ್ತವೆಂಬುದನ್ನು ಮರೆಯಲಾಗದು. ಅಪಾಯದ ಮರವನ್ನೂ ಬೇಡವಾದ ಮರವನ್ನೂ ಬೇರ್ಪಡಿಸುವುದು ಸ್ಥಳಕ್ಕೆ ಹೋದ ಕಣ್ಣು ಮಾತ್ರ. ತಡವಾದರೆ ಮರದಡಿ ನಿಂತವನ ಪ್ರಾಣಕ್ಕೆ ಕುತ್ತು. ಅವಸರವಾದರೆ ಹಲವು ದಶಕಗಳ ನೆರಳಿಗೆ ಕುತ್ತು.

ನಗರದ ಕಚೇರಿಗಳ ಸೇವೆ ಹೇಗಿದೆಯೆಂದು ನಾಗರಿಕರನ್ನೇ ಕೇಳುವ ಕಾರ್ಯವನ್ನು ಸ್ಯಾಮ್ಯುಯೆಲ್ ಪಾಲ್ ಅವರು 1994ರಲ್ಲಿ ಬೆಂಗಳೂರಿನಲ್ಲಿ ಕೈಗೊಂಡರು. ಶಾಲೆಯ ಅಂಕಪಟ್ಟಿಯಂತೆ ಸಿದ್ಧವಾದ ಆ ವರದಿಯಲ್ಲಿ ತೃಪ್ತರ ಸಂಖ್ಯೆ ಅತ್ಯಲ್ಪವಾಗಿತ್ತು. 1999ರಲ್ಲಿಯೂ 2003ರಲ್ಲಿಯೂ ಅದೇ ಪರೀಕ್ಷೆ ಮತ್ತೆ ನಡೆಯಿತು. 2003ರ ವೇಳೆಗೆ ಗಣನೀಯ ಸುಧಾರಣೆ ಕಂಡುಬಂದಿತು. ಅಂಕಗಳು ಬಹಿರಂಗವಾದುದರಿಂದ ಕಚೇರಿಗಳು ಎಚ್ಚೆತ್ತುಕೊಂಡವೆಂದು ಹೇಳಬಹುದು.

ಮುಂದೆ ದೂರವಾಣಿಯಿಂದಲೂ ಮೊಬೈಲಿನಿಂದಲೂ ದೂರು ದಾಖಲಿಸುವ ವ್ಯವಸ್ಥೆ ಬಂದಿತು. ಪ್ರತಿ ದೂರಿಗೂ ಸಂಖ್ಯೆ ಸಿಗತೊಡಗಿತು. ಇದು ನಿಜಕ್ಕೂ ಉಪಕಾರ. ಆದರೆ ಕಡತದ ಮುಕ್ತಾಯವೇ ಕಷ್ಟದ ಮುಕ್ತಾಯವೆಂದು ಎಣಿಸುವ ಪ್ರಮಾದವೂ ಅದರ ಬೆನ್ನಿಗೇ ಬಂದಿತು. ‘ಸಂಬಂಧಿತ ಇಲಾಖೆಗೆ ವರ್ಗಾಯಿಸಲಾಗಿದೆ’ ಎಂದು ಬರೆದು ಮುಗಿಸಿದ ದೂರು ಲೆಕ್ಕದಲ್ಲಿ ಪರಿಹಾರವಾದಂತೆಯೇ ಕಾಣುತ್ತದೆ. ಎರಡು ವಿಭಾಗಗಳ ನಡುವೆ ಬಿದ್ದ ಇಂತಹ ದೂರನ್ನು ಹಿಂಬಾಲಿಸಿ ಕೇಳುತ್ತಿದ್ದವನು ವಾರ್ಡಿನ ಸದಸ್ಯ. 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ, 2025ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಹೋಗಿ ಐದು ನಗರ ಪಾಲಿಕೆಗಳು ಬರುವವರೆಗೂ ಚುನಾವಣೆ ನಡೆಯಲಿಲ್ಲ. ಆ ಐದು ಮಳೆಗಾಲಗಳಲ್ಲಿ ಬೀದಿಯ ಪರವಾಗಿ ಇಂಜಿನಿಯರನ್ನು ಕರೆತಂದು ಮೋರಿಯ ಮುಂದೆ ನಿಲ್ಲಿಸುವ ಕೆಲಸ ನಿವಾಸಿಗಳ ಸಂಘಗಳ ಪಾಲಿಗೆ ಬಂದಿತು. ಈ ಕಾಯಕದಲ್ಲಿ ಪಳಗಿದವರು ದೂರಿನಲ್ಲಿ ನಿಂತ ನೀರು ಮಳೆಯದೋ ಕೊಳಚೆಯದೋ, ಅದು ಯಾವ ರಾಜಕಾಲುವೆಗೆ ಹೋಗಬೇಕಾದುದು, ಮರದ ಬೇರು ಕಡಿದ ಅಗೆತ ಯಾವ ತಾರೀಖಿನದು ಎಂಬಿಷ್ಟನ್ನೂ ನಮೂದಿಸಿ, ಒಂದೊಂದು ಪ್ರತಿಯನ್ನು ಎಲ್ಲ ವಿಭಾಗಗಳಿಗೂ ಒಂದೇ ದಿನ ಕಳುಹಿಸುತ್ತಾರೆ.