ಇಂದಿನ ಧಮ್ಮ ಚಿಂತನೆ: ಮಾರುವ ಮನೆಯ ಗೋಡೆ



ನಾಲ್ಕನೆಯ ಶೀಲ, ಅಂದರೆ ಸುಳ್ಳಿನಿಂದ ದೂರವಿರುವ ಶೀಲದ ಬಗ್ಗೆ ಈ ವಾರ ನನ್ನ ಮನೆಯಲ್ಲೇ ಒಂದು ಪಾಠವಾಯಿತು.

ಕಲಬುರಗಿಯಲ್ಲಿ ಅಪ್ಪ ಕಟ್ಟಿಸಿದ ಮನೆಯನ್ನು ಮಾರಲು ಹೊರಟಿದ್ದೇವೆ. ಖಾತಾ, ಇ.ಸಿ., ತೆರಿಗೆ ರಸೀದಿ ಜೋಡಿಸಿದೆ. ಶಹಾಬಾದ್ ಕಲ್ಲಿನ ನೆಲ ತಿಕ್ಕಿ ತೊಳೆದೆವು. ಬ್ರೋಕರ್ ಬಂದು ಎರಡು ಮಾತು ಹೇಳಿದರು: "ಸರ, ಹಿಂದಿನ ಖೋಲಿಗೆ ಪೇಂಟ್ ಹೊಡಸ್ರಿ, ಸೋರಿದ್ದು ಕಾಣಬಾರ್ದು. ಹಾಲ್‌ನಾಗಿನ ಬಾಬಾಸಾಹೇಬರ ಫೋಟೋ ಒಳಗಿಡ್ರಿ, ಇಲ್ಲಂದ್ರ ರೇಟ್ ಇಳಿತದ."

ಎರಡನ್ನೂ ಮಾಡಿದೆ. ಸಂಜೆ ಅವ್ವ ಬರೀ ಮೊಳೆ ನೋಡಿ, "ನಿಮ್ಮಪ್ಪ ಹಾಕಿದ್ದು ಎಲ್ಲಿ ಹೋತಪ್ಪಾ?" ಅಂದಳು. ನನ್ನ ಬಾಯಿಂದ ಉತ್ತರ ಬರಲಿಲ್ಲ.

1917ರಲ್ಲಿ ಬರೋಡಾದಲ್ಲಿ ಯಾರೂ ಬಾಡಿಗೆಗೆ ಜಾಗ ಕೊಡದೆ, ಬಾಬಾಸಾಹೇಬರು ಪಾರ್ಸಿ ಹೆಸರಿನಲ್ಲಿ ಒಂದು ಪಾರ್ಸಿ ವಸತಿಗೃಹದಲ್ಲಿ ಉಳಿಯಬೇಕಾಯಿತು. ಗುರುತು ತಿಳಿದಾಗ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಅಂದು ಅವರಿಗೆ ತಲೆಯ ಮೇಲೊಂದು ಸೂರು ಬೇಕಿತ್ತು; ಅದು ನಿರ್ವಾಹವಿಲ್ಲದ ಸ್ಥಿತಿ. ನನಗೆ ಸೂರಿದೆ, ಪತ್ರವಿದೆ. ನಾನು ಮರೆಮಾಡಿದ್ದು ರೇಟಿಗಾಗಿ.

ಇನ್ನೊಂದು ವಿಷಯ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನಂತೆ, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ, ಆದರೆ ಮಾರುವವರಿಗೆ ಗೊತ್ತಿರುವ ಆಸ್ತಿಯ ಮುಖ್ಯ ದೋಷವನ್ನು ಮಾರುವವರೇ ತಿಳಿಸಬೇಕು. ಸೋರುವ ಛತ್ತು ಮನೆಯ ದೋಷ. ಅದನ್ನು ಬಣ್ಣದಿಂದ ಮುಚ್ಚಿದರೆ ಬಾಯಿ ತೆರೆಯದೆ ಹೇಳಿದ ಸುಳ್ಳು. ನಮ್ಮ ಜಾತಿ ಮಾತ್ರ ಮನೆಯ ದೋಷವಲ್ಲ. ಅದನ್ನು ನೋಡಿ ರೇಟ್ ಇಳಿಸುವವರ ಮನಸ್ಸಿನ ದೋಷ. ನಾನು ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಮುಚ್ಚಿದ್ದೆ.

ಮರುದಿನ ಫೋಟೋ ಅದೇ ಮೊಳೆಗೆ ಹಾಕಿದೆ. ನೋಡಲು ಬಂದವರಿಗೆ ಹಿಂದಿನ ಖೋಲಿ ಮಳೆಗಾಲದಲ್ಲಿ ಸೋರುತ್ತದೆಂದು ನಾನೇ ಹೇಳಿದೆ. ಒಬ್ಬರು ಫೋಟೋ ನೋಡಿ ನೀರು ಸಹ ಕುಡಿಯದೆ ಹೋದರು. ಇನ್ನೊಬ್ಬರು ರಿಪೇರಿ ಖರ್ಚು ಕಳೆದು ರೇಟ್ ಕೇಳಿದ್ದಾರೆ. ಮನೆ ಇನ್ನೂ ಮಾರಾಟವಾಗಿಲ್ಲ. ಅವ್ವ ಮಾತ್ರ ದಿನಾ ಫೋಟೋದ ಧೂಳು ಒರೆಸುತ್ತಾಳೆ.

ಇಂದಿನ ಅಭ್ಯಾಸ: ನಾವು ಮುಚ್ಚಿಡುತ್ತಿರುವ ಒಂದು ವಿಷಯ ನೆನಪಿಸಿಕೊಳ್ಳೋಣ. ಅದು ನಮ್ಮ ತಪ್ಪೇ, ಅಥವಾ ಬೇರೆಯವರು ನಮ್ಮ ಮೇಲೆ ಹೊರಿಸಿದ ನಾಚಿಕೆಯೇ? ತಪ್ಪಾದರೆ ತಿದ್ದೋಣ. ನಾಚಿಕೆಯಾದರೆ ಇಳಿಸಿಡೋಣ.

ಜೈ ಭೀಮ್. ನಮೋ ಬುದ್ಧಾಯ. 🙏