ಹಬ್ಬದ ಔತಣಕ್ಕೆ ಹಣ್ಣಿನ ರಸದ ಜೆಲ್ಲಿ

ಅನಾನಸ್ ಸುಗ್ಗಿಯಲ್ಲಿ ಬೆಲೆ ಕುಸಿದಾಗ ಬನವಾಸಿ, ಶಿರಸಿ ಕಡೆಯ ಬೆಳೆಗಾರರ ಮನೆಗಳಲ್ಲಿ ಹಣ್ಣು ರಾಶಿ ಬೀಳುವುದು ಸಾಮಾನ್ಯ. ಸಣ್ಣ ಗಾತ್ರದ, ತುಸು ಪೆಟ್ಟಾದ ಹಣ್ಣನ್ನು ವ್ಯಾಪಾರಿಗಳು ಕೊಳ್ಳುವುದಿಲ್ಲ. ಇಂಥ ಹಣ್ಣಿನ ರಸ ತೆಗೆದು, ಹಬ್ಬಕ್ಕೋ ನಾಮಕರಣಕ್ಕೋ ಬರುವ ನೆಂಟರಿಗೆ ಜೆಲ್ಲಿ ಮಾಡೋಣವೆಂದು ಪೇಟೆಯಿಂದ ಜೆಲಾಟಿನ್ ಪೊಟ್ಟಣ ತಂದವರು ಅನೇಕರು. ಪೊಟ್ಟಣದ ಮೇಲೆ ಬರೆದಂತೆಯೇ ಅಳತೆ ಹಾಕಿ, ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ತೆಗೆದು ನೋಡಿದರೆ ರಸ ರಸವಾಗಿಯೇ ಉಳಿದಿರುತ್ತದೆ. ಎರಡನೆಯ ಸಲ ಜೆಲಾಟಿನ್ ಹೆಚ್ಚು ಹಾಕಿದರೂ ಅದೇ ಗತಿ. ತಪ್ಪು ಅಳತೆಯದಲ್ಲ, ಕೈಗುಣದ್ದೂ ಅಲ್ಲ. ಕಾರಣ ಹಣ್ಣಿನೊಳಗೇ ಇದೆ.

ಅನಾನಸ್ ರಸದಲ್ಲಿ ಬ್ರೊಮೆಲಿನ್ ಎಂಬ ಕಿಣ್ವವಿದೆ. ಸಸಾರಜನಕವನ್ನು ತುಂಡು ತುಂಡಾಗಿ ಕತ್ತರಿಸುವುದು ಇದರ ಕೆಲಸ. ಜೆಲಾಟಿನ್ ಎಂಬುದು ಶುದ್ಧ ಸಸಾರಜನಕ. ಅದರ ಉದ್ದನೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು, ನಡುವೆ ನೀರನ್ನು ಹಿಡಿದಿಟ್ಟುಕೊಂಡಾಗ ಮಾತ್ರ ರಸ ಹೆಪ್ಪುಗಟ್ಟುತ್ತದೆ. ಎಳೆಗಳನ್ನು ಕಿಣ್ವವು ಕತ್ತರಿಸಿ ಹಾಕಿದ ಮೇಲೆ ಹೆಣಿಗೆ ಎಲ್ಲಿಂದ ಬಂದೀತು? ಪರಂಗಿಯಲ್ಲಿರುವ ಪಪೇನ್, ಅಂಜೂರದಲ್ಲಿರುವ ಫೈಸಿನ್ ಇದೇ ಜಾತಿಯವು. ಹಸಿ ಶುಂಠಿಯಲ್ಲಿಯೂ ಇಂಥದೊಂದು ಕಿಣ್ವವಿದೆ. ಗಟ್ಟಿ ಮಾಂಸ ಬೇಗ ಬೇಯಲೆಂದು ಎಳೆಯ ಪರಂಗಿಕಾಯಿಯ ಚೂರು ಹಾಕುವ ರೂಢಿ ನಮ್ಮ ಹಳ್ಳಿಗಳಲ್ಲಿ ಮೊದಲಿನಿಂದ ಇದೆ. ಅಲ್ಲಿ ಉಪಕಾರ ಮಾಡುವ ಗುಣವೇ ಇಲ್ಲಿ ಅಪಕಾರ ಮಾಡುತ್ತದೆ.

ಪರಿಹಾರ ಸುಲಭ. ರಸವನ್ನು ಮೊದಲು ಒಲೆಯ ಮೇಲಿಟ್ಟು ಚೆನ್ನಾಗಿ ಕುದಿಸಿದರೆ ಕಿಣ್ವ ನಾಶವಾಗುತ್ತದೆ. ಅನಾನಸ್ ರಸಕ್ಕೆ ಕುದಿ ಬಂದ ಮೇಲೆ ಐದು ನಿಮಿಷ ಸಾಕು. ಪಪೇನ್ ಶಾಖವನ್ನು ಸ್ವಲ್ಪ ಹೆಚ್ಚು ತಡೆದುಕೊಳ್ಳುವುದರಿಂದ ಪರಂಗಿಯನ್ನು ಇನ್ನೂ ಕೆಲವು ನಿಮಿಷ ಕುದಿಸುವುದು ಲೇಸು. ಡಬ್ಬಿಯಲ್ಲಿ ಬರುವ ಅನಾನಸ್ ಜೆಲಾಟಿನ್‌ನೊಡನೆ ಹೊಂದಿಕೊಳ್ಳುವುದು ಇದೇ ಕಾರಣದಿಂದ. ಡಬ್ಬಿಗೆ ತುಂಬುವಾಗಲೇ ಅದು ಶಾಖ ಕಂಡಿರುತ್ತದೆ. ಹಸಿ ಅನಾನಸ್ ಹೋಳುಗಳನ್ನು ಹಾಲಿನಲ್ಲಿ ಹಾಕಿಟ್ಟರೆ ಕಹಿಯಾಗುವುದಕ್ಕೂ ಈ ಕಿಣ್ವವೇ ಹೊಣೆ.

ಜೆಲಾಟಿನ್ ಬೇಕೇ?

ಕುದಿಸಿದ ರಸದಿಂದ ಜೆಲಾಟಿನ್ ಜೆಲ್ಲಿ ಮಾಡಬಹುದು, ನಿಜ. ಆದರೆ ನಮ್ಮ ಊರುಗಳ ಹಬ್ಬದೂಟಕ್ಕೆ ಅದು ತಕ್ಕ ವಸ್ತುವಲ್ಲ. ಜೆಲಾಟಿನ್ ತಯಾರಾಗುವುದು ದನ, ಹಂದಿ ಮುಂತಾದ ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ. ಸಸ್ಯಾಹಾರಿಗಳಾದ ನೆಂಟರಿಗೆ ತಿಳಿಸದೆ ಅದನ್ನು ಬಡಿಸುವುದು ಸರಿಯಲ್ಲ. ಮುಸಲ್ಮಾನ ಸ್ನೇಹಿತರನ್ನು ಕರೆದ ಮನೆಯಲ್ಲಿಯೂ ಈ ಪ್ರಶ್ನೆ ಏಳುತ್ತದೆ. ಬಿಡಿಯಾಗಿ ತೂಗಿ ಕೊಡುವ ಪುಡಿಯ ಮೇಲೆ ಯಾವ ಗುರುತೂ ಇರುವುದಿಲ್ಲವಾದ್ದರಿಂದ ಅಂಗಡಿಯವರನ್ನು ಕೇಳಿ ತಿಳಿದುಕೊಳ್ಳಬೇಕು.

ಎರಡನೆಯ ತೊಡಕು ನಮ್ಮ ಹವೆಯದು. ಜೆಲಾಟಿನ್ ಜೆಲ್ಲಿ 30ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತದೆ. ಬಾಯಿಗೆ ಹಾಕಿಕೊಂಡೊಡನೆ ಕರಗಿ ನೀರಾಗುವ ಅದರ ಸೊಗಸಿಗೆ ಇದೇ ಮೂಲ. ಆದರೆ ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಅದು ಬಾಯಿಯವರೆಗೆ ಬರುವ ಮೊದಲೇ ತಟ್ಟೆಯಲ್ಲಿ ಕರಗಿರುತ್ತದೆ. ಚಪ್ಪರದ ಕೆಳಗೆ ನೂರು ಜನಕ್ಕೆ ಬಡಿಸುವ ಊಟಕ್ಕೆ ಇದನ್ನು ನಂಬುವಂತಿಲ್ಲ.

ಅಮೆರಿಕೆಯಲ್ಲಿ ಕ್ರಿಸ್ಮಸ್ ಮತ್ತು ಹೊಸ ವರ್ಷದ ಔತಣಗಳಿಗೆ ಜೆಲಾಟಿನ್ ರಸವನ್ನು ಮದ್ಯದೊಡನೆ ಬೆರೆಸಿ, ಒಂದೊಂದು ಗುಟುಕಿನ ಪುಟ್ಟ ಬಟ್ಟಲುಗಳಲ್ಲಿ ಹೆಪ್ಪುಗಟ್ಟಿಸಿ ಹಂಚುವ ರೂಢಿ ಇದೆ. ಕೆಂಪು, ಹಸಿರು ಬಣ್ಣದ ಈ ಬಟ್ಟಲುಗಳ ಚಿತ್ರ ಕಂಡು ನಮ್ಮ ಪಟ್ಟಣಗಳಲ್ಲಿಯೂ ಕೆಲವರು ಅನುಕರಿಸುತ್ತಿದ್ದಾರೆ. ರಸ ಆರಿದ ಮೇಲೆ ಮದ್ಯ ಬೆರೆಸುವುದರಿಂದ ಅದು ಆವಿಯಾಗಿ ಹೋಗುವುದಿಲ್ಲ. ಸಿಹಿಯ ಮರೆಯಲ್ಲಿ ಪೂರ್ತಿಯಾಗಿ ಉಳಿದಿರುತ್ತದೆ. ನೋಟಕ್ಕೆ ಮಕ್ಕಳ ತಿಂಡಿಯಂತೆಯೇ ಇರುವ ಇದನ್ನು ಮಕ್ಕಳಿರುವ ಮನೆಯಲ್ಲಿ ಇಡಲೇಬಾರದು. ಪುಟ್ಟ ಬಟ್ಟಲಿನ ಅಂದವನ್ನಷ್ಟೇ ತೆಗೆದುಕೊಂಡು, ಒಳಗೆ ನಮ್ಮ ತೋಟದ ಹಣ್ಣಿನ ರಸ ತುಂಬಿದರೆ ಯಾರಿಗೂ ತೊಂದರೆಯಿಲ್ಲ.

ಕಡಲಿನಿಂದ ಬರುವ ಹೆಪ್ಪು

ಕಿರಾಣಿ ಅಂಗಡಿಗಳಲ್ಲಿ ‘ಚೈನಾ ಗ್ರಾಸ್’ ಎಂಬ ಹೆಸರಿನಲ್ಲಿ ಬಿಳಿಯ, ಹಗುರವಾದ ಎಳೆಗಳ ಕಟ್ಟು ಸಿಗುತ್ತದೆ. ಪುಡಿಯ ರೂಪದಲ್ಲಿ ಅಗರ್ ಎಂದು ಮಾರುತ್ತಾರೆ. ಹೆಸರಿನಲ್ಲಿ ಹುಲ್ಲಿದ್ದರೂ ಇದು ಹುಲ್ಲಲ್ಲ. ಕೆಂಪು ಜಾತಿಯ ಕಡಲಪಾಚಿಯನ್ನು ಕುದಿಸಿ ತೆಗೆದ ಸತ್ವ. ನಮ್ಮ ದೇಶದಲ್ಲಿ ತಮಿಳುನಾಡಿನ ರಾಮನಾಥಪುರ ಕರಾವಳಿಯಲ್ಲಿ, ಮನ್ನಾರ್ ಕೊಲ್ಲಿಯ ಕಡೆ, ಈ ಪಾಚಿಯನ್ನು ಸಂಗ್ರಹಿಸುತ್ತಾರೆ. ಅಗರ್ ಸಸಾರಜನಕವಲ್ಲ, ಶರ್ಕರಪಿಷ್ಟದ ಗುಂಪಿಗೆ ಸೇರಿದ ವಸ್ತು. ಆದಕಾರಣ ಅನಾನಸ್ಸಿನ ಕಿಣ್ವಕ್ಕೆ ಇದರ ಮೇಲೆ ಯಾವ ಹಿಡಿತವೂ ಇಲ್ಲ.

ಇದರ ಇನ್ನೊಂದು ವಿಶೇಷ ಗುಣವನ್ನು ರೈತ ಮಹಿಳೆಯರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅಗರ್ ಕರಗಬೇಕಾದರೆ ನೀರು ಕುದಿಯಲೇಬೇಕು. ಆದರೆ ಆರುತ್ತಾ ಬಂದಂತೆ 32ರಿಂದ 40 ಡಿಗ್ರಿಯ ನಡುವೆ, ಎಂದರೆ ಕೈಗೆ ಉಗುರುಬೆಚ್ಚಗಿರುವಾಗಲೇ, ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿದ ಮೇಲೆ ಪುನಃ ಕರಗಿಸಲು ಸುಮಾರು 85 ಡಿಗ್ರಿ ಶಾಖ ಬೇಕು. ಫ್ರಿಜ್ ಇಲ್ಲದ ಮನೆಯಲ್ಲೂ ಇದು ನಿಲ್ಲುತ್ತದೆ, ಬಿಸಿಲ ದಿನವೂ ಕರಗುವುದಿಲ್ಲ.

ಈ ಗುಣವೇ ಅಗರನ್ನು ಅಡುಗೆಮನೆಯಿಂದ ಪ್ರಯೋಗಶಾಲೆಗೆ ಕರೆದೊಯ್ದಿತು. ಜರ್ಮನಿಯಲ್ಲಿ ರಾಬರ್ಟ್ ಕೋಕ್ ಅವರ ಪ್ರಯೋಗಶಾಲೆಯಲ್ಲಿ ವಾಲ್ಟರ್ ಹೆಸ್ಸೆ ಎಂಬ ವೈದ್ಯರು 1881ರಲ್ಲಿ ಕೆಲಸ ಮಾಡುತ್ತಿದ್ದರು. ಸೂಕ್ಷ್ಮಜೀವಿಗಳನ್ನು ಬೆಳೆಸಲು ಆಗ ಬಳಸುತ್ತಿದ್ದುದು ಜೆಲಾಟಿನ್. ಬಿಸಿಲೇರಿದರೆ ಅದು ಕರಗುತ್ತಿತ್ತು. ಕೆಲವು ಜೀವಿಗಳು ಅದನ್ನೇ ಜೀರ್ಣಿಸಿಕೊಂಡು ನೀರು ಮಾಡುತ್ತಿದ್ದವು. ಅವರ ಪತ್ನಿ ಫ್ಯಾನಿ ಹೆಸ್ಸೆಯವರು ಮನೆಯಲ್ಲಿ ಜೆಲ್ಲಿ ಮಾಡುವಾಗ ಅಗರ್ ಬಳಸುತ್ತಿದ್ದರು. ಜಾವಾ ದ್ವೀಪದಲ್ಲಿ ವಾಸವಾಗಿದ್ದ ನೆರೆಯವರಿಂದ ಕಲಿತ ವಿದ್ಯೆ ಅದು. ಅದನ್ನೇ ಪ್ರಯೋಗಶಾಲೆಯಲ್ಲೂ ಬಳಸಿ ನೋಡಿ ಎಂದು ಅವರು ಸೂಚಿಸಿದರು. 1882ರಲ್ಲಿ ಕೋಕ್ ಅವರು ಕ್ಷಯರೋಗದ ಜೀವಾಣುವನ್ನು ಕುರಿತು ಪ್ರಕಟಿಸಿದ ಲೇಖನದಲ್ಲಿ ಅಗರ್‌ನ ಉಲ್ಲೇಖವಿದೆ, ಆ ಗೃಹಿಣಿಯ ಹೆಸರಿಲ್ಲ. ಇಂದು ತೊಗರಿ, ನೆಲಗಡಲೆ, ಸೋಯಾ ಅವರೆ ಬೀಜಗಳಿಗೆ ಲೇಪಿಸುವ ರೈಜೋಬಿಯಂ ಅಣುಜೀವಿ ಗೊಬ್ಬರದ ಮೂಲ ತಳಿಗಳನ್ನು ಕಾಪಾಡಿಕೊಂಡು ಬರುವುದು ಅಗರ್ ತುಂಬಿದ ಗಾಜಿನ ನಳಿಕೆಗಳಲ್ಲಿಯೇ.

ಮಾಡುವ ಕ್ರಮ

1 ಲೀಟರ್ ಜೆಲ್ಲಿಗೆ 10 ಗ್ರಾಂ ಚೈನಾ ಗ್ರಾಸ್, 400 ಮಿ.ಲೀ. ನೀರು, 600 ಮಿ.ಲೀ. ಸೋಸಿದ ಅನಾನಸ್ ರಸ ಮತ್ತು 125 ಗ್ರಾಂ ಸಕ್ಕರೆ ಬೇಕು. ಹಣ್ಣಿನ ಸಿಹಿ ನೋಡಿಕೊಂಡು ಸಕ್ಕರೆಯನ್ನು ಹೆಚ್ಚು ಕಡಿಮೆ ಮಾಡಬಹುದು. ಇಷ್ಟರಿಂದ 50 ಮಿ.ಲೀ. ಹಿಡಿಯುವ 20 ಬಟ್ಟಲುಗಳಾಗುತ್ತವೆ.

ಎಳೆಗಳನ್ನು ಕತ್ತರಿಯಿಂದ ಸಣ್ಣದಾಗಿ ಕತ್ತರಿಸಿ, ಹೇಳಿದ ನೀರಿನಲ್ಲಿಯೇ ಅರ್ಧ ಗಂಟೆ ನೆನೆಯಿಡಬೇಕು. ನಂತರ ಅದೇ ನೀರಿನೊಡನೆ ಸಣ್ಣ ಉರಿಯಲ್ಲಿಟ್ಟು, ತಳ ಹಿಡಿಯದಂತೆ ಕೈಯಾಡಿಸುತ್ತಾ ಕುದಿಸಬೇಕು. ಒಂದು ಎಳೆಯೂ ಕಾಣದಂತೆ ಪೂರ್ತಿ ಕರಗಿದ ಮೇಲೆ ಸಕ್ಕರೆ ಹಾಕಿ ಕಲಕಿ, ಬಿಸಿಯಿರುವಾಗಲೇ ತೆಳುಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಅರೆಕರಗಿದ ಎಳೆಗಳು ಉಳಿದರೆ ಜೆಲ್ಲಿ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ನೀರು ಆಗುತ್ತದೆ. ಮೊದಲ ಸಲ ಮಾಡುವವರ ಅವಸರ ಕಾಣುವುದು ಇಲ್ಲಿಯೇ.

ರಸವನ್ನು ಅಗರ್‌ನೊಡನೆ ಸೇರಿಸಿ ಕುದಿಸಬಾರದು. ಹುಳಿ ಮತ್ತು ಕುದಿ ಎರಡೂ ಕೂಡಿದರೆ ಅಗರ್‌ನ ಬಲ ಕುಗ್ಗುತ್ತದೆ. ಹಾಗೆಂದು ತಣ್ಣನೆಯ ರಸವನ್ನು ಸುರಿಯುವಂತೆಯೂ ಇಲ್ಲ. ಸುರಿದ ಕ್ಷಣದಲ್ಲಿಯೇ ದಾರದಂತೆ, ಗಂಟು ಗಂಟಾಗಿ ಹೆಪ್ಪುಗಟ್ಟಿಬಿಡುತ್ತದೆ. ರಸವನ್ನು ಬೇರೆ ಪಾತ್ರೆಯಲ್ಲಿ ಕಾಯಿಸಿ, ಕೈಗೆ ಚುರುಕೆನ್ನುವಷ್ಟು ಬಿಸಿಯಿರುವಾಗ, ಒಲೆಯಿಂದ ಇಳಿಸಿದ ಅಗರ್ ನೀರಿಗೆ ಬೆರೆಸಿ ಚೆನ್ನಾಗಿ ಕಲಕಬೇಕು. ಬಟ್ಟಲುಗಳಿಗೆ ಹಾಕುವ ಮೊದಲು ಒಂದು ಚಮಚ ರಸವನ್ನು ತಣ್ಣನೆಯ ಸ್ಟೀಲ್ ತಟ್ಟೆಯ ಮೇಲೆ ಬಿಟ್ಟು ಎರಡು ನಿಮಿಷ ಕಾಯಿರಿ. ಬೆರಳಿನಿಂದ ತಳ್ಳಿದರೆ ಒಂದೇ ಹಾಳೆಯಾಗಿ ಸರಿದರೆ ಹದ ಬಂದಿದೆ. ಹರಿದು ಹೋದರೆ ಇನ್ನು 2 ಗ್ರಾಂ ಎಳೆಗಳನ್ನು ಸ್ವಲ್ಪ ನೀರಿನಲ್ಲಿ ಬೇರೆಯಾಗಿ ಕರಗಿಸಿ ಸೇರಿಸಬೇಕು. ಪುನರ್ಪುಳಿ, ನಿಂಬೆಯಂಥ ಕಡುಹುಳಿ ರಸಗಳಿಗೆ ಮೊದಲೇ ಈ ಹೆಚ್ಚಳ ಕೊಟ್ಟುಕೊಳ್ಳುವುದು ಒಳ್ಳೆಯದು.

ಎರಡು ಮೂರು ಬಣ್ಣಗಳ ಪದರ ಬೇಕೆಂದರೆ ಪುನರ್ಪುಳಿಯ ಕೆಂಪು, ತೆಂಗಿನ ಹಾಲಿನ ಬಿಳುಪು, ಅನಾನಸ್ಸಿನ ಹಳದಿ ಸಾಕು. ಪೇಟೆಯ ಬಣ್ಣದ ಪುಡಿ ಬೇಡ. ಕೆಳಗಿನ ಪದರ ಮುಟ್ಟಿದರೆ ಇನ್ನೂ ತುಸು ಅಂಟುವಂತಿರುವಾಗ ಮೇಲಿನದನ್ನು ಚಮಚದ ಬೆನ್ನಿನ ಮೇಲಿಂದ ನಿಧಾನವಾಗಿ ಇಳಿಸಬೇಕು. ಪೂರ್ತಿ ತಣ್ಣಗಾದ ಮೇಲೆ ಹಾಕಿದರೆ ಪದರಗಳು ಒಂದಕ್ಕೊಂದು ಹಿಡಿಯದೆ ಜಾರುತ್ತವೆ. ಹುಳಿ ರಸವನ್ನೂ ತೆಂಗಿನ ಹಾಲನ್ನೂ ಒಟ್ಟಿಗೆ ಬೆರೆಸಿದರೆ ಒಡೆಯುತ್ತದೆ, ಪದರವಾಗಿ ಹಾಕಿದರೆ ತೊಂದರೆಯಿಲ್ಲ. ರಾಗಿ ಹಾಲುಬಾಯಿ ಮಾಡಿ ಅಭ್ಯಾಸವಿರುವ ಕೈಗೆ ಇದೇನೂ ಕಷ್ಟವಲ್ಲ.

ಬಡಿಸುವಾಗ ಎಚ್ಚರಿಕೆ

ಅಗರ್ ಜೆಲ್ಲಿಯ ಗಟ್ಟಿತನದಿಂದ ಒಂದು ಅಪಾಯವೂ ಇದೆ. ಇದು ಬಾಯಿಯಲ್ಲಿ ಕರಗುವುದಿಲ್ಲ. ಪುಟ್ಟ ಬಟ್ಟಲನ್ನು ತುಟಿಗೆ ಹಚ್ಚಿ ಒಂದೇ ಸಲ ಒಳಗೆಳೆದುಕೊಂಡರೆ, ನುಣುಪಾದ ಗಟ್ಟಿ ಉಂಡೆ ನೇರವಾಗಿ ಗಂಟಲಿಗೆ ಜಾರಿ ಉಸಿರಿನ ದಾರಿಯನ್ನು ಮುಚ್ಚಬಹುದು. ಇಂಥ ಪುಟ್ಟ ಬಟ್ಟಲಿನ ಗಟ್ಟಿ ಜೆಲ್ಲಿಗಳಿಂದ, ಮುಖ್ಯವಾಗಿ ಕೊಂಜಾಕ್ ಎಂಬ ಗಡ್ಡೆಯ ಹಿಟ್ಟಿನಿಂದ ಮಾಡಿದವುಗಳಿಂದ, ಹಲವು ದೇಶಗಳಲ್ಲಿ ಮಕ್ಕಳೂ ವೃದ್ಧರೂ ಪ್ರಾಣ ಕಳೆದುಕೊಂಡಿದ್ದಾರೆ. ಯೂರೋಪ್ ಒಕ್ಕೂಟವು 2004ರಲ್ಲಿ ಕಡಲಪಾಚಿಯ ಸತ್ವಗಳಿಂದ ಮಾಡಿದ ಒಂದೇ ತುತ್ತಿನ ಬಟ್ಟಲು ಜೆಲ್ಲಿಯ ಮಾರಾಟವನ್ನೂ ತಡೆಹಿಡಿಯಿತು. ಅಗರ್ ಸಹ ಆ ಪಟ್ಟಿಯಲ್ಲಿತ್ತು.

ಆದ್ದರಿಂದ ಅಮೆರಿಕೆಯ ಗುಟುಕಿನ ಪದ್ಧತಿಯನ್ನು ಅಗರ್ ಜೆಲ್ಲಿಗೆ ಅನುಸರಿಸಬಾರದು. ಬಾಯಗಲದ, ಆಳವಿಲ್ಲದ ಬಟ್ಟಲಿಗೆ ಹಾಕಿ ಚಮಚದೊಡನೆ ಕೊಡಬೇಕು. ಐದು ವರ್ಷದೊಳಗಿನ ಮಕ್ಕಳಿಗೂ ಹಲ್ಲಿಲ್ಲದ ಹಿರಿಯರಿಗೂ ಚಮಚದಿಂದ ಚೆನ್ನಾಗಿ ಪುಡಿ ಮಾಡಿಯೇ ಕೊಡಬೇಕು. ಮಕ್ಕಳು ಓಡಾಡುತ್ತಾ, ನಗುತ್ತಾ ತಿನ್ನದಂತೆ ಕೂರಿಸಿ ತಿನ್ನಿಸಬೇಕು. ನೂರು ಜನರ ಊಟವಾದರೆ ತಟ್ಟೆಯಲ್ಲಿ ಅರ್ಧ ಅಂಗುಲ ದಪ್ಪಕ್ಕೆ ಹೊಯ್ದು, ಬೆಲ್ಲದ ಬರ್ಫಿಯಂತೆ ಕತ್ತರಿಸಿ ಬಡಿಸುವುದು ಬಟ್ಟಲುಗಳಿಗಿಂತ ಎಷ್ಟೋ ಮೇಲು. ಬಟ್ಟಲು ತೊಳೆಯುವ ಕೆಲಸವೂ ಉಳಿಯಿತು.

ಸೂಕ್ಷ್ಮಜೀವಿಗಳನ್ನು ಸಾಕಲು ವಿಜ್ಞಾನಿಗಳು ಆರಿಸಿಕೊಂಡ ವಸ್ತು ಇದು ಎಂಬುದನ್ನೂ ಮರೆಯಬಾರದು. ಗಟ್ಟಿಯಾಗಿದೆ, ಕರಗಿಲ್ಲ ಎಂದಮಾತ್ರಕ್ಕೆ ಕೆಟ್ಟಿಲ್ಲವೆಂದು ತಿಳಿಯುವಂತಿಲ್ಲ. ಹಾಲು, ತೆಂಗಿನ ಹಾಲು ಸೇರಿದ ಜೆಲ್ಲಿಯನ್ನು ಫ್ರಿಜ್ ಇಲ್ಲದೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದು. ರಸದ ಜೆಲ್ಲಿಯನ್ನು ಮುಚ್ಚಿಟ್ಟು ಅಂದೇ ಮುಗಿಸಬೇಕು.

ತಿಂಗಳುಗಟ್ಟಲೆ ಇಡುವ ಜೆಲ್ಲಿ ಬೇಕಾದವರಿಗೆ ಸೀಬೆಹಣ್ಣೇ ಸರಿ. ಅದರಲ್ಲಿರುವ ಪೆಕ್ಟಿನ್ ಹೆಪ್ಪುಗಟ್ಟಲು ಹುಳಿಯೂ, ಶೇಕಡಾ 65ರಷ್ಟು ಸಕ್ಕರೆಯೂ ಬೇಕು. ಕೆಡದಂತೆ ಕಾಯುವುದೂ ಆ ಸಕ್ಕರೆಯೇ. ಪುಸ್ತಕಗಳಲ್ಲಿ ಹೇಳುವ 105 ಡಿಗ್ರಿಯ ಹದ ಸಮುದ್ರಮಟ್ಟದ ಊರುಗಳಿಗೆ. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ ಅಲ್ಲಿ 102 ಡಿಗ್ರಿಗೆ ಇಳಿಸಬೇಕು. ಇಲ್ಲವಾದರೆ ಜೆಲ್ಲಿಯ ಬದಲು ಅಂಟುಪಾಕವಾಗುತ್ತದೆ. ರಸದಲ್ಲಿ ಪೆಕ್ಟಿನ್ ಎಷ್ಟಿದೆಯೆಂದು ನೋಡಲು ಒಂದು ಚಮಚ ರಸಕ್ಕೆ ಎರಡು ಚಮಚ ಮೆಥಿಲೇಟೆಡ್ ಸ್ಪಿರಿಟ್ ಬೆರೆಸುವ ಪದ್ಧತಿಯಿದೆ. ಒಂದೇ ಗಡ್ಡೆಯಾದರೆ ಪೆಕ್ಟಿನ್ ಹೇರಳ, ಚೂರುಚೂರಾದರೆ ಕಡಿಮೆ. ಈ ಸ್ಪಿರಿಟ್ ವಿಷ. ಪರೀಕ್ಷೆಯ ರಸವನ್ನು ಕೂಡಲೇ ಚೆಲ್ಲಬೇಕು, ಆ ಚಮಚವನ್ನು ಪಾತ್ರೆಗೆ ತಾಗಿಸಲೂಬಾರದು.

ಅಗರ್ ಜೆಲ್ಲಿ ತೀರ ಮೆತ್ತಗಾದರೆ ಗಾಬರಿ ಬೇಡ. ಬಟ್ಟಲುಗಳನ್ನೆಲ್ಲ ಪಾತ್ರೆಗೆ ಬೋರಲು ಹಾಕಿ, ಸಣ್ಣ ಉರಿಯಲ್ಲಿ ಕರಗಿಸಿ, ಬೇರೆಯಾಗಿ ಕುದಿಸಿ ಕರಗಿಸಿದ ಇನ್ನಷ್ಟು ಅಗರ್ ಸೇರಿಸಿ ಪುನಃ ಹೊಯ್ಯಬಹುದು. ಹಸಿ ಅನಾನಸ್ ಬೆರೆತು ಕೆಟ್ಟ ಜೆಲಾಟಿನ್‌ಗೆ ಈ ಉಪಾಯ ನಡೆಯದು. ಅದಕ್ಕೆ ತಣ್ಣೀರು ಸೇರಿಸಿ ಪಾನಕವಾಗಿ ಕುಡಿಯಬಹುದು, ಅಷ್ಟೇ.