ಸೈಮೀಸ್ 147ರ ಬೆನ್ನು ಹತ್ತಿದವನಿಗೆ

ಮೊದಲ ಚಳಿಗಾಲದಲ್ಲೇ ಸೈಮೀಸ್ 147 ನೀಹಾರಿಕೆಯ ಚಿತ್ರ ತೆಗೆಯುತ್ತೇನೆಂದು ಹೊರಟಿದ್ದೀಯ. ಬೇಡ ಅನ್ನುವುದಿಲ್ಲ. ಏಡಿ ನೀಹಾರಿಕೆಯಿಂದ ಶುರು ಮಾಡು ಎಂದು ಎಲ್ಲರೂ ಹೇಳುತ್ತಾರೆ, ಅದೂ ಸರಿಯೇ. 1054ರಲ್ಲಿ ಚೀನಾದವರು ಹಗಲಲ್ಲೇ ಕಂಡ ಸೂಪರ್‌ನೋವಾದ ಅವಶೇಷ ಅದು. ಒಂದೇ ರಾತ್ರಿಯಲ್ಲಿ ನಾಲ್ಕು ಜನಕ್ಕೆ ತೋರಿಸುವಂಥ ಚಿತ್ರ ಕೊಡುತ್ತದೆ. ಸೈಮೀಸ್ ಹಾಗೆಲ್ಲ ಸುಲಭಕ್ಕೆ ಒಲಿಯುವುದಲ್ಲ. ಕ್ರಿಮಿಯಾದ ಸೈಮೀಸ್ ವೀಕ್ಷಣಾಲಯದ ಗ್ರಿಗೊರಿ ಶೈನ್ ಮತ್ತು ವೆರಾ ಗಾಜೆ ಅದನ್ನು ಫೋಟೋಗಳಲ್ಲಿ ಗುರುತಿಸಿದ್ದೇ 1952ರಲ್ಲಿ. ಕಣ್ಣಿಟ್ಟು ನೋಡಿ ಕಂಡುಹಿಡಿಯುವ ವಸ್ತುವೇ ಅಲ್ಲ ಅದು.

ವೃಷಭ ಮತ್ತು ವಿಜಯಸಾರಥಿಯ ಗಡಿಯಲ್ಲಿ, ಎಲ್‌ನಾಥ್ ನಕ್ಷತ್ರದ ಪೂರ್ವಕ್ಕೆ ಸುಮಾರು 3 ಡಿಗ್ರಿ ಅಗಲಕ್ಕೆ ಹರಡಿಕೊಂಡಿದೆ. ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ನಿಲ್ಲಿಸಿದಷ್ಟು! ಹಾಗಾಗಿ ದೊಡ್ಡ ಟೆಲಿಸ್ಕೋಪಿನ ಆಸೆ ಬಿಡು, ಅದರೊಳಗೆ ಇದು ಹಿಡಿಸುವುದೇ ಇಲ್ಲ. 200 ಮಿ.ಮೀ. ಫೋಕಲ್ ಲೆಂತ್‌ನ ಹಳೇ ಟೆಲಿಫೋಟೋ ಲೆನ್ಸ್ ಸಾಕು. ಉಳಿಸಿದ ದುಡ್ಡನ್ನು ಮೌಂಟಿಗೆ ಹಾಕು. ಲೆನ್ಸ್ ಸಾಧಾರಣದ್ದಾದರೂ ಚಿತ್ರ ಬರುತ್ತದೆ, ಅಡ್ಡಾದಿಡ್ಡಿ ಸುತ್ತುವ ಮೌಂಟಿನಿಂದ ಬರುವುದಿಲ್ಲ.

ಮೌಂಟಿನ ವಿಚಾರಕ್ಕೆ ಬಂದಾಗ ಒಂದು ಮಾತು. ಯುರೋಪ್, ಅಮೆರಿಕದವರ ವಿಡಿಯೋ ನೋಡಿ ಕಲಿತಿರುತ್ತೀಯ. ಮೌಂಟಿನ ಅಕ್ಷವನ್ನು ಗುರಿಯಿಡಬೇಕಾದ ಧ್ರುವ ನಕ್ಷತ್ರ ಅವರಿಗೆ ಮೇಲೆ ಇರುತ್ತದೆ. ಬೆಂಗಳೂರು, ಮಂಗಳೂರಿನವರಿಗೆ ಅದು ಇರುವುದು ಬರೀ 13 ಡಿಗ್ರಿ ಎತ್ತರದಲ್ಲಿ. ಬೀದರಿಗೆ ಹೋದರೂ 18ರ ಹತ್ತಿರ ಅಷ್ಟೆ. ಒಂದು ತೆಂಗಿನಮರ, ಒಂದಿಷ್ಟು ಧೂಳು, ಮುಗಿಯಿತು. ಇನ್ನೊಂದು ತಾಪತ್ರಯವನ್ನು ಅಂಗಡಿಯವರು ಹೇಳುವುದಿಲ್ಲ: ಇಷ್ಟು ಕಡಿಮೆ ಅಕ್ಷಾಂಶಕ್ಕೆ ಮೌಂಟನ್ನು ಬಗ್ಗಿಸಿದಾಗ ಎದುರುತೂಕದ ಸರಳು ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಮಧ್ಯೆ ಒಂದು ಗಿಡ್ಡ ಪಿಯರ್ ಕೂರಿಸು. ಧ್ರುವ ಕಾಣದಿದ್ದರೆ ‘ನೀನಾ’ ತಂತ್ರಾಂಶದ ಮೂರು ಬಿಂದುಗಳ ವಿಧಾನ ಹಿಡಿ, ಆಕಾಶದ ಯಾವ ಮೂಲೆಯಿಂದಲಾದರೂ ಅಕ್ಷವನ್ನು ಜೋಡಿಸಬಹುದು. ನಮಗಿರುವ ಲಾಭವನ್ನೂ ಹೇಳಿಬಿಡುತ್ತೇನೆ. ಡಿಸೆಂಬರ್ ಮಧ್ಯದಲ್ಲಿ ಈ ನೀಹಾರಿಕೆ ನಡುರಾತ್ರಿಯ ಹೊತ್ತಿಗೆ ನೆತ್ತಿಯ ಹತ್ತಿರಕ್ಕೇ ಬರುತ್ತದೆ, ಅಲ್ಲಿ ವಾತಾವರಣದ ಪದರ ತೆಳ್ಳಗೆ.

ಈ ನೀಹಾರಿಕೆ ಅನಿಲದ ತೆಳು ಎಳೆಗಳ ಬಲೆ. ಆ ಎಳೆಗಳ ಬೆಳಕು ಹೆಚ್ಚಿನಂಶ ಎರಡೇ ಬಣ್ಣದ್ದು. ಹೈಡ್ರೋಜನ್‌ನ ಕೆಂಪು 656.3 ನ್ಯಾನೋಮೀಟರಿನಲ್ಲಿ, ಆಮ್ಲಜನಕದ ಹಸಿರು-ನೀಲಿ 500.7ರಲ್ಲಿ. ಮಾಮೂಲಿ ಡಿಎಸ್‌ಎಲ್‌ಆರ್ ಒಳಗಿನ ಫಿಲ್ಟರ್ ಆ ಕೆಂಪಿನ ಬಹುಪಾಲನ್ನು ನುಂಗಿಹಾಕುತ್ತದೆ. ಅದನ್ನು ತೆಗೆಸು, ಇಲ್ಲವೇ ಖಗೋಳ ಛಾಯಾಗ್ರಹಣದ್ದೇ ಕ್ಯಾಮೆರಾ ಕೊಳ್ಳು. ಮುಂದೆ ನ್ಯಾರೋಬ್ಯಾಂಡ್ ಫಿಲ್ಟರ್ ಹಾಕು. ಕೆಂಪನ್ನು ತಿಂಗಳ ಬೆಳಕಿನಲ್ಲೂ ಒಂದಷ್ಟು ಸಂಗ್ರಹಿಸಬಹುದು. ಆಮ್ಲಜನಕಕ್ಕೆ ಮಾತ್ರ ಅಮಾವಾಸ್ಯೆಯ ಆಚೀಚೆಯ ರಾತ್ರಿಗಳನ್ನು ಮೀಸಲಿಡು.

ಐದು ನಿಮಿಷದ ಮೊದಲ ಫ್ರೇಮಿನಲ್ಲಿ ನಕ್ಷತ್ರ ಬಿಟ್ಟರೆ ಏನೂ ಕಾಣದಿರಬಹುದು. ಗಾಬರಿಯಾಗಬೇಡ, ಗುರಿಯನ್ನು ಬದಲಿಸಲೂ ಬೇಡ. ಫ್ರೇಮುಗಳನ್ನು ಪೇರಿಸುತ್ತಾ ಹೋದಂತೆ ಸಂಕೇತ ಸಮಯದ ಲೆಕ್ಕದಲ್ಲೇ ಬೆಳೆಯುತ್ತದೆ, ಗದ್ದಲ ಅದರ ವರ್ಗಮೂಲದಷ್ಟು ಮಾತ್ರ. ನಾಲ್ಕು ಗಂಟೆಯ ಚಿತ್ರ ಎರಡು ಪಟ್ಟು ಸ್ವಚ್ಛವಾಗಬೇಕೆಂದರೆ ಹದಿನಾರು ಗಂಟೆ ಬೇಕು. ಒಂದು ರಾತ್ರಿಗೆ ಒಂದು ನೀಹಾರಿಕೆ ಎಂದು ಸುತ್ತುವ ಚಾಳಿ ನಿನಗಿದೆ. ಈ ಚಳಿಗಾಲ ಪೂರ್ತಿ ಇದೊಂದನ್ನೇ ಹಿಡಿದುಕೊಂಡು ಕೂರು.

ಬೆಳಗಾಗುತ್ತಲೇ ಸಾಮಾನು ಕಟ್ಟುವ ಆತುರ ಬೇಡ. ಲೆನ್ಸಿನ ಬಾಯಿಗೆ ಬಿಳಿ ಬನಿಯನ್ ಬಟ್ಟೆ ಬಿಗಿದು, ನೆತ್ತಿಯ ಆಕಾಶಕ್ಕೆ ತಿರುಗಿಸಿ, ಫೋಕಸ್ ಮುಟ್ಟದೆ ಫ್ಲಾಟ್ ಫ್ರೇಮುಗಳನ್ನು ತೆಗೆದುಕೋ. ಇಷ್ಟು ಮಂಕಾದ ಬೆಳಕನ್ನು ತಂತ್ರಾಂಶದಲ್ಲಿ ಹಿಗ್ಗಿಸುವಾಗ ಲೆನ್ಸಿನ ಅಂಚಿನ ನೆರಳು, ಸೆನ್ಸರ್ ಮೇಲಿನ ಧೂಳಿನ ಉಂಗುರ ಎಲ್ಲವೂ ಜೊತೆಗೇ ಹಿಗ್ಗುತ್ತವೆ. ಫ್ಲಾಟ್ ಇಲ್ಲದವನಿಗೆ ನೀಹಾರಿಕೆ ಯಾವುದು, ಕೊಳೆ ಯಾವುದು ಎಂದು ಗೊತ್ತಾಗುವುದಿಲ್ಲ.

ನನಗೆ ನಿಜವಾಗಿ ಚಿಂತೆಯಿರುವುದು ಇಲ್ಲಿ. ಈಗಿನ ಚುರುಕುಗೊಳಿಸುವ ತಂತ್ರಾಂಶಗಳಿಗೆ ಎರಡು ಗಂಟೆಯ ಗದ್ದಲ ಕೊಟ್ಟರೂ ಚಂದದ ಎಳೆ ನೇಯ್ದುಕೊಡುತ್ತವೆ. ನೋಡಿದವರು ಮೆಚ್ಚುತ್ತಾರೆ, ಎಳೆ ಮಾತ್ರ ಆಕಾಶದಲ್ಲಿ ಇರುವುದಿಲ್ಲ. ಡ್ರೆಕ್ಸ್ಲರ್, ಸ್ಟ್ರಾಟ್ನರ್, ಸೈಂಟಿ ಎಂಬ ಹವ್ಯಾಸಿಗಳ ಕಥೆ ಓದಿಕೋ. ಸಾವಿರಾರು ಜನ ಚಿತ್ರ ತೆಗೆದ ಆಂಡ್ರೊಮಿಡಾ ಗೆಲಾಕ್ಸಿಯ ಪಕ್ಕದಲ್ಲೇ ಆಮ್ಲಜನಕದ ಬೆಳಕಿನ ದೊಡ್ಡದೊಂದು ಕಮಾನು ಅವರ ಚಿತ್ರದಲ್ಲಿ ಕಂಡಿತು. ನೂರು ಗಂಟೆಗೂ ಮಿಕ್ಕಿದ ದತ್ತಾಂಶವಿದ್ದರೂ ಅವರು ಕೂಡಲೇ ಡಂಗುರ ಹೊಡೆಯಲಿಲ್ಲ. ಬೇರೆ ಕಡೆಯ ಬೇರೆ ದೂರದರ್ಶಕಗಳಲ್ಲೂ ಅದು ಮೂಡಿದ ಮೇಲೆ, ವೃತ್ತಿಪರ ಖಗೋಳಜ್ಞರ ಜೊತೆ ಸೇರಿ 2023ರಲ್ಲಿ ಪ್ರಕಟಿಸಿದರು.

ನಿನಗೆ ಎರಡನೇ ದೂರದರ್ಶಕ ಬೇಕಿಲ್ಲ. ಫ್ರೇಮುಗಳನ್ನು ಎರಡು ಪಾಲು ಮಾಡಿ ಬೇರೆಬೇರೆಯಾಗಿ ಪೇರಿಸು; ಒಂದೊಂದು ಪಾಲಿಗೆ ಬೇರೆ ರಾತ್ರಿಗಳು ಬರಲಿ, ರಾತ್ರಿಗಿಷ್ಟು ಎಂದು ಚೌಕಟ್ಟನ್ನೂ ತುಸು ಸರಿಸಿರು. ಎರಡರಲ್ಲೂ ನಕ್ಷತ್ರಗಳ ನಡುವೆ ಅದೇ ಜಾಗದಲ್ಲಿ ಅದೇ ತಿರುವಿನೊಂದಿಗೆ ಬಂದ ಎಳೆಯನ್ನು ಉಳಿಸಿಕೋ, ಒಂದರಲ್ಲಷ್ಟೇ ಬಂದದ್ದನ್ನು ಎಷ್ಟು ಚಂದವಿದ್ದರೂ ಬಿಟ್ಟುಬಿಡು. ಆಮೇಲೆ ನನಗೆ ಕಳಿಸು. ಜೆಪೆಗ್ ಬೇಡ, ಹಿಗ್ಗಿಸದ ಆ ಎರಡು ಫಿಟ್ಸ್ ಫೈಲುಗಳನ್ನೇ ಕಳಿಸು.